ಖಜಾನೆಗೆ ಇಳಿಯದ ಶಕವರ್ಷ

ಶಕ 1879ರ ಚೈತ್ರ 1, ಅಂದರೆ 1957ರ ಮಾರ್ಚ್ 22, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದ ದಿನ. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನು ತೂಗಿ ನೋಡಿ ಮೇಘನಾದ ಸಹಾ ಸಮಿತಿ ಅದನ್ನು ರೂಪಿಸಿತ್ತು. ರಾಜಪತ್ರ, ಆಕಾಶವಾಣಿ, ಸರ್ಕಾರಿ ಕ್ಯಾಲೆಂಡರುಗಳಲ್ಲಿ ಅದಕ್ಕೆ ಇಂಗ್ಲಿಷ್ ತಾರೀಖಿನ ಪಕ್ಕ ಜಾಗ ಸಿಕ್ಕಿತು. ಆದರೆ ದಿಲ್ಲಿಯ ಕಚೇರಿಗಳಲ್ಲಿ ಸಂಬಳವೂ ಹಣಕಾಸು ವರ್ಷವೂ ಹಳೆಯ ಲೆಕ್ಕದಲ್ಲೇ ಉಳಿದವು. ಜನರ ರೂಢಿಯೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಮೊಗಲರ ಅನುಭವ ಬೇರೆ ಮಾತು ಹೇಳುತ್ತದೆ. ಅವರು ಬಳಸುತ್ತಿದ್ದ ಹಿಜರಿ ಚಾಂದ್ರವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಬೆಳೆ ಬರುವುದು ಋತುವಿಗೆ ತಕ್ಕಂತೆ. 30 ಸೌರವರ್ಷಕ್ಕೆ 31 ಚಾಂದ್ರವರ್ಷದ ಕಂದಾಯ ಕಟ್ಟಬೇಕಾದರೆ ರೈತನಿಗೆ ನಷ್ಟವೆಂದು ಅಕ್ಬರನ ಆಸ್ಥಾನದ ಅಬುಲ್ ಫಜಲ್ ವಾದಿಸಿದ. 1584ರಲ್ಲಿ ಅಕ್ಬರ್ ತಂದ ಇಲಾಹಿ ಎಂಬ ಸೌರ ಶಕೆ ಮುಂದಿನ ಬಾದಶಹರ ಕಾಲಕ್ಕೆ ಮಂಕಾಯಿತು. ಕಂದಾಯಕ್ಕೆ ಅಂಟಿಕೊಂಡ ಫಸಲಿ (ಬೆಳೆ) ವರ್ಷವಾದರೋ ನಿಜಾಮರ ಆಳ್ವಿಕೆಯ ಬೀದರ್, ಕಲಬುರಗಿ, ರಾಯಚೂರುಗಳ ದಫ್ತರಗಳಲ್ಲೂ 20ನೇ ಶತಮಾನದವರೆಗೆ ಬಾಳಿತು. ದುಡ್ಡಿನ ಲೆಕ್ಕ ಯಾವ ತಾರೀಖಿನಿಂದ ನಡೆಯುತ್ತದೋ ಆ ತಾರೀಖೇ ಉಳಿಯುತ್ತದೆ.

ಶಕ ದಿನಾಂಕ ಬರೆದ ಚೆಕ್ಕನ್ನೂ ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿಲ್ಲವೇ ಎಂದು ಕೇಳಬಹುದು. ಹೇಳಿದೆ; ಆದರೆ ಚೆಕ್ಕಿನ ಅವಧಿ ಮುಗಿದಿದೆಯೇ ಎಂದು ನೋಡಲು ಆ ದಿನವನ್ನು ಮತ್ತೆ ಗ್ರೆಗೋರಿಯನ್, ಅಂದರೆ ಇಂಗ್ಲಿಷ್ ತಾರೀಖಿನ ಲೆಕ್ಕಕ್ಕೇ ತರಬೇಕು. ಕಂಪ್ಯೂಟರು ಈ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ಡೇಟಾಬೇಸಿನಲ್ಲಿ ದಿನಾಂಕದ ಕಾಲಂ ಸಾಮಾನ್ಯವಾಗಿ ಗ್ರೆಗೋರಿಯನ್ ದಿನವನ್ನಷ್ಟೇ ಬಲ್ಲದು. ಫೆಬ್ರವರಿ 30 ಎಂದರೆ ತಿರಸ್ಕರಿಸುತ್ತದೆ. ಶಕ ದಿನಾಂಕವನ್ನು ಬರಿಯ ಪಠ್ಯವಾಗಿ ತುಂಬಿದರೆ ವಯಸ್ಸು, ಬಡ್ಡಿ, ಗಡುವು ಯಾವುದನ್ನೂ ಅದರಿಂದ ನೇರವಾಗಿ ಎಣಿಸಲಾಗದು. 03/04/2001 ಎಂದು ಬರೆದರೂ ತೊಡಕೇ: ಭಾರತೀಯನಿಗೆ ಅದು ಏಪ್ರಿಲ್ 3, ಅಮೆರಿಕನ್ನನಿಗೆ ಮಾರ್ಚ್ 4. ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು 1988ರ ಐಎಸ್‌ಒ 8601 ಗೊತ್ತುಮಾಡಿದ್ದು ಈ ಗೊಂದಲ ಕಳೆಯಲು. ದಿಲ್ಲಿಯ ಭಾರತೀಯ ಮಾನಕ ಬ್ಯೂರೋ ಐಎಸ್ 7900ರಲ್ಲಿ ಅದನ್ನೇ ಒಪ್ಪಿತು. ದಿನವನ್ನು ಮೊದಲು ಬರೆಯುವ ನಮ್ಮ ಪದ್ಧತಿಯನ್ನು ಯಂತ್ರಕ್ಕಾಗಿ ಬಿಡಬೇಕೇ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಕೂಡಿಡುವ ರೂಪ ಒಂದಿರಲಿ, ಓದುವ ರೂಪ ನಮಗೆ ಬೇಕಾದಂತಿರಲಿ. ಇದೇ ಮಾತು ಶಕವರ್ಷಕ್ಕೂ ಸಲ್ಲುತ್ತದೆ. ಸಹಾ ಸಮಿತಿ ನಾಗರಿಕ ದಿನಗಣನೆಯಿಂದ ತಿಥಿಯನ್ನು ಬಿಟ್ಟು ತಿಂಗಳುಗಳಿಗೆ ನಿಗದಿತ ದಿನಗಳನ್ನು ಕೊಟ್ಟಿತು; ಚೈತ್ರ 1 ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ ಬೀಳುತ್ತದೆ. ಹಾಗಾಗಿ ಒಂದು ದಿನಾಂಕ ದಾಖಲಾದರೆ ಇನ್ನೊಂದನ್ನು ಯಂತ್ರವೇ ಎಣಿಸಿಕೊಡಬಲ್ಲದು. 1957ರಲ್ಲಿ ಗುಮಾಸ್ತನಿಗೆ ಇಮ್ಮಡಿ ಬರಹದ ಹೊರೆಯಾಗಿದ್ದದ್ದು ಇಂದು ಒಂದು ಸಣ್ಣ ಸೂತ್ರದ ಕೆಲಸ. ಶಕವರ್ಷ ಖಜಾನೆಗೆ ಇಳಿಯದಿದ್ದರೆ ಅದಕ್ಕೆ ಇನ್ನು ಲೆಕ್ಕದ ಕಷ್ಟವನ್ನು ನೆಪ ಮಾಡುವಂತಿಲ್ಲ.