ಹಂಪಿ ಪರಿಸರದ ಜಾಲಪುಟಗಳು: ಹಳಸಿದ ಮಾಹಿತಿ ಮತ್ತು ಗೂಗಲ್ ಶ್ರೇಯಾಂಕ

ಹಂಪಿಯ ಬಗ್ಗೆ ಜಾಲದಲ್ಲಿ ಬರಹಕ್ಕೆ ಬರವಿಲ್ಲ. ಆದರೂ ಗೂಗಲ್‌ನಲ್ಲಿ ತಮ್ಮ ಪುಟ ಹಿಂದೆ ಬಿದ್ದಾಗ ಪ್ರವಾಸಿ ತಾಣಗಳನ್ನು ನಡೆಸುವವರು ಮೊದಲು ಬಯಸುವುದು ಇನ್ನಷ್ಟು ಲೇಖನಗಳನ್ನೇ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಮಟ್ಟಿಗೆ ಪುಟಗಳನ್ನು ಕಳಪೆಯಾಗಿಸಿರುವುದು ಮುಖ್ಯವಾಗಿ ಹಳಸಿದ ಮಾಹಿತಿ ಎಂಬುದು ಈ ಟಿಪ್ಪಣಿಯ ವಾದ.

ವಿರೂಪಾಪುರಗಡ್ಡೆಯನ್ನೇ ನೋಡಿ. ಹಂಪಿಯಿಂದ ಹೊಳೆಯಾಚೆ, ಕೊಪ್ಪಳ ಜಿಲ್ಲೆಗೆ ಸೇರಿದ ಈ ಗಡ್ಡೆಯ ರೆಸಾರ್ಟ್‌ಗಳ ತೆರವಿಗೆ ಹೈಕೋರ್ಟ್ 2015ರಲ್ಲಿ ಒಪ್ಪಿಗೆ ಕೊಟ್ಟಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಕಟ್ಟಡಗಳು ನೆಲಕ್ಕುರುಳಿದವು. ‘ಅಲ್ಲೇ ತಂಗಿ’ ಎನ್ನುವ ಪುಟವನ್ನು ಎಷ್ಟು ಹಿಗ್ಗಿಸಿದರೇನು? ಒಳಗಿನದನ್ನು ಮುಟ್ಟದೆ ದಿನಾಂಕವನ್ನಷ್ಟೇ ಹೊಸದಾಗಿಸುವ ಚಾಳಿಯೂ ಇದೆ. ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಹೆಸರಿಸಿಯೇ ಎಚ್ಚರಿಸಿದೆ; ಇಷ್ಟೇ ಪದಗಳಿರಬೇಕೆಂಬ ಲೆಕ್ಕ ತನಗಿಲ್ಲವೆಂದೂ ಹೇಳಿದೆ.

ಆಡಳಿತದ ವಿವರಗಳೂ ಹಳಸಿವೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು, ಹಂಪಿ ಅದರೊಳಗೆ ಬಂತು. ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲಿದ್ದ ಕಂಪ್ಲಿ ಈಗ ಬಳ್ಳಾರಿ ಜಿಲ್ಲೆಯದೇ ಒಂದು ತಾಲ್ಲೂಕು. ನಾಲ್ಕೂ ಊರುಗಳಿಗೆ ಒಂದೇ ಜಿಲ್ಲೆಯ ಹೆಸರು ಅಂಟಿಸಿದ ಪುಟ ಓದುಗನ ದಾರಿ ತಪ್ಪಿಸುತ್ತದೆ. ಇಂಗ್ಲಿಷ್‌ನಲ್ಲಿ ‘ಹಾಸ್ಪೆಟ್’ ಎಂದಿದ್ದ ಹೊಸಪೇಟೆಯ ಹೆಸರನ್ನು ಅಧಿಕೃತವಾಗಿ ತಿದ್ದಿದ್ದು 2014ರ ನವೆಂಬರ್ 1ರಂದು. ‘ಹಾಸ್ಪೆಟ್’ ಎಂದು ಹುಡುಕುವವರು ಇನ್ನೂ ಇರುವುದರಿಂದ ಹಳೆಯ ರೂಪ ಒಂದು ಕಡೆ ಇರಲಿ. ಸಾಲುಸಾಲಿಗೂ ತುರುಕುವುದು ಬೇಡ.

ಕಂಪ್ಲಿ, ಸಂಡೂರುಗಳ ಪುಟಗಳು ಬಹುಮಟ್ಟಿಗೆ ಹಂಪಿ ಪುಟದ ಎಂಜಲು. ಇದು ಬರೀ ಸೋಮಾರಿತನದ ಪ್ರಶ್ನೆಯಲ್ಲ: ತಾಣದ ಒಂದು ಭಾಗ ಕಳಪೆಯಾದರೆ ಇಡೀ ತಾಣದ ಶ್ರೇಯಾಂಕಕ್ಕೆ ಪೆಟ್ಟು ಬೀಳಬಹುದು ಎಂದು 2011ರ ‘ಪಾಂಡಾ’ ಬದಲಾವಣೆಯ ಕಾಲದಲ್ಲೇ ಗೂಗಲ್ ತಿಳಿಸಿತ್ತು. ಬರೆಯಲು ಸರಕಿಲ್ಲ ಎನ್ನುವಂತೆಯೂ ಇಲ್ಲ. ಸಂಡೂರಿಗೆ ಕುಮಾರಸ್ವಾಮಿ ಬೆಟ್ಟವಿದೆ, ಭೌಗೋಳಿಕ ಸೂಚಿಕೆ ಪಡೆದ ಲಂಬಾಣಿ ಕಸೂತಿಯಿದೆ; ಕಂಪ್ಲಿಗೆ ಕೋಟೆಯಿದೆ, ಕುಮಾರರಾಮನ ಕಥೆಯಿದೆ. ಇವನ್ನು ಹೋಗಿ ನೋಡಿ ಬರೆಯಬೇಕು. ಆಗದಿದ್ದರೆ ಆ ಪುಟವನ್ನು ಹಂಪಿಯದರಲ್ಲಿ ಸೇರಿಸಿ, ಹಳೆಯ ವಿಳಾಸವನ್ನು ಅದಕ್ಕೇ ತಿರುಗಿಸುವುದು ಮೇಲು.

ಕನ್ನಡ ಪುಟಗಳಿಗೆ ಇನ್ನೊಂದು ತೊಡಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಒಳ್ಳೆಯ ಲೇಖನವೂ ಹುಡುಕುಯಂತ್ರದ ಪಾಲಿಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಿಸದೆ ಅದು ಸಿಗುವುದೇ ಇಲ್ಲ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳಿರುವ ಊರಿನ ಹೆಸರುಗಳನ್ನು ಕಣ್ಣಾರೆ ಓದಿ ತಾಳೆ ನೋಡಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.