ಬಿಜಾಪುರದ ಹಳೆಯ ಫೋಟೋಗಳಲ್ಲಿ ಜನರೇಕಿಲ್ಲ?

ಬಿಜಾಪುರಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಮುಂದೆ ಮನೆಮಂದಿ ಸಾಲಾಗಿ ನಿಂತಿರುತ್ತಾರೆ, ಹಿಂದೆ ಗೋಳಗುಮ್ಮಟದ ಅರ್ಧ ಮಾತ್ರ ಕಾಣುತ್ತದೆ. ಒಳಗಿನ ವ್ಯಾಸವೇ ಸುಮಾರು 124 ಅಡಿ ಇರುವ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲದ 18,000 ಚದರ ಅಡಿಗೂ ಮೀರಿದ ನೆಲ. ಹತ್ತಿರ ನಿಂತರೆ ಅದು ಯಾವ ಕ್ಯಾಮೆರಾಕ್ಕೂ ದಕ್ಕುವುದಿಲ್ಲ. ನಮ್ಮ ಮನೆಯ ಫೋಟೋವೂ ಅಂಥದ್ದೇ. ಅದನ್ನು ನೋಡುತ್ತಾ ಕುಳಿತಾಗ ಒಂದು ಪ್ರಶ್ನೆ ಎದ್ದಿತು: ಆದಿಲ್‌ಶಾಹಿಗಳ ಈ ರಾಜಧಾನಿಯ ಫೋಟೋವನ್ನು ಮೊದಮೊದಲು ತೆಗೆದವರು ಯಾರು? ಅವರ ಕಣ್ಣಿಗೆ ಏನು ಕಂಡಿತ್ತು?

ಉತ್ತರ 1855ರಲ್ಲಿದೆ. ಅಲ್ಲಿಯವರೆಗೆ ಈಸ್ಟ್ ಇಂಡಿಯಾ ಕಂಪನಿ ಹಳೆಯ ಕಟ್ಟಡಗಳ ಚಿತ್ರಗಳನ್ನು ಕಲಾವಿದರ ಕೈಯಲ್ಲಿ ಬರೆಸುತ್ತಿತ್ತು. ಅದಕ್ಕೆ ವರ್ಷಗಟ್ಟಲೆ ಕಾಲವೂ ಹಿಡಿಯುತ್ತಿತ್ತು, ಹಣವೂ ಸುರಿಯುತ್ತಿತ್ತು. ಅದೇ ಕೆಲಸವನ್ನು ಫೋಟೋ ಅಗ್ಗವಾಗಿ ಮಾಡುತ್ತದೆ ಎಂದು ಲಂಡನ್ನಿನ ನಿರ್ದೇಶಕರಿಗೆ ತೋರಿತು. ಮುಂಬಯಿ ಪ್ರಾಂತ್ಯದಲ್ಲಿ ಈ ಕೆಲಸ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ಗೆ ಬಂತು. ಆತ ಬಿಜಾಪುರ, ಬಾದಾಮಿ, ಐಹೊಳೆಗಳನ್ನೆಲ್ಲ ಸುತ್ತಿದ. ಆಗ ಫಿಲ್ಮ್ ಇರಲಿಲ್ಲ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ನೆಗೆಟಿವ್ ಮೂಡಿಸಬೇಕಿತ್ತು. ಉತ್ತರ ಕರ್ನಾಟಕದ ಬಿಸಿಲು, ಧೂಳುಗಳಲ್ಲಿ ಅದೆಂಥ ಕಷ್ಟವೆಂದು ಆ ಕಡೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಬಿಗ್ಸ್‌ನನ್ನು ಮರಳಿ ದಳಕ್ಕೆ ಕರೆಸಿಕೊಂಡರು. ಆತನ ಮತ್ತು ಆಮೇಲೆ ಬಂದ ಮೇಜರ್ ಲಾಕ್‌ನ ಫೋಟೋಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಅದಕ್ಕೆ ಇತಿಹಾಸ ಬರೆದವನು ಸುರಪುರದಲ್ಲಿ ಹಲವು ವರ್ಷ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್.

ಆ ಕಾಲದ ಫೋಟೋಗಳನ್ನು ನೋಡಿದರೆ ಮೊದಲು ಮನಸ್ಸಿಗೆ ತಟ್ಟುವುದು ನಿರ್ಜನತೆ. ಕಮಾನುಗಳಿವೆ, ಮಿನಾರುಗಳಿವೆ, ಅಂಗಳವಿದೆ, ಮನುಷ್ಯರಿಲ್ಲ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಕಟ್ಟಡದ ಚಿತ್ರಕ್ಕೆ ಆ ತಕರಾರಿಲ್ಲ. ಹಾಗಾಗಿ ಬಿಗ್ಸ್‌ನ ಕ್ಯಾಮೆರಾ ನಮ್ಮ ಹಿರಿಯರಿಗೂ ಒಪ್ಪಿಗೆಯಾಗುವಂಥದ್ದೇ ಎಂದು ನಾವು ನಕ್ಕದ್ದುಂಟು. ಆದರೆ ನಿಜವಾದ ಕಾರಣ ಬೇರೆ. ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಷ್ಟು ಹೊತ್ತು ಗೋಡೆ ಅಲುಗುವುದಿಲ್ಲ, ಆದ್ದರಿಂದ ಸ್ಪಷ್ಟವಾಗಿ ಮೂಡುತ್ತದೆ. ನಡೆದು ಹೋದವನು ಮೂಡುವುದೇ ಇಲ್ಲ. ವುಝೂ ಮಾಡಿ ಅಂಗಳ ದಾಟಿದವನನ್ನೂ ರುಕೂವಿನಿಂದ ಸುಜೂದಿಗೆ ಹೋದವನನ್ನೂ ಆ ಕಾಗದ ಕಾಣಲಾರದು.

ಹಾಗೆಂದು ಆ ಖಾಲಿತನ ಪೂರ್ತಿ ಸುಳ್ಳೂ ಅಲ್ಲ. 1686ರಲ್ಲಿ ಔರಂಗಝೇಬ್ ನಗರವನ್ನು ಗೆದ್ದ ಮೇಲೆ ಬಿಜಾಪುರ ರಾಜಧಾನಿಯಾಗಿ ಉಳಿಯಲಿಲ್ಲ. ನಿಝಾಮ, 1760ರಲ್ಲಿ ಪೇಶ್ವೆ, 1818ರಲ್ಲಿ ಸಾತಾರದ ರಾಜ, 1848ರಲ್ಲಿ ಕಂಪನಿ, ಹೀಗೆ ಒಡೆಯರು ಬದಲಾಗುತ್ತಾ ಹೋದಂತೆ ಊರು ಕರಗಿತು. ಆದರೆ ಊರು ಕುಗ್ಗುವುದು ಬೇರೆ, ವಾರಸುದಾರರೇ ಇಲ್ಲದಿರುವುದು ಬೇರೆ. ಫೋಟೋಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಸಾಹೇಬರುಗಳಿಗೆ ಜಾಗ ಬೇಕಾಗಿತ್ತು. ಗೋಳಗುಮ್ಮಟದ ಪಶ್ಚಿಮಕ್ಕಿರುವ ಮಸೀದಿ ಕೆಲವು ಕಾಲ ಪ್ರವಾಸಿ ಬಂಗಲೆಯಾಗಿತ್ತು. ಖಿಬ್ಲಾದ ಗೋಡೆಯಿದ್ದ ಕಡೆ ಮಂಚ ಹಾಕಿ ಮಲಗುತ್ತಿದ್ದರು ಎಂದರೆ ಇಂದು ಊಹಿಸಲೂ ಕಷ್ಟ. ವೈಸ್‌ರಾಯ್ ಕರ್ಝನ್‌ನ ಕಾಲದಲ್ಲಿ ಅದು ತೆರವಾಯಿತು. 1904ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ಆತನ ಕಾಲದ್ದೇ. ಫೋಟೋಗಳಿಂದಲೇ ಹೀಗಾಯಿತೆಂದು ನಾವು ಹೇಳುವುದಿಲ್ಲ. ಆದರೆ ನಮಾಝ್ ಮಾಡುವವರೇ ಕಾಣದ ಮಸೀದಿಯನ್ನು ಬಂಗಲೆ ಮಾಡಲು ಯಾರಿಗೂ ಕೈ ನಡುಗುವುದಿಲ್ಲ ಎಂಬುದು ನಮ್ಮ ಅನಿಸಿಕೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1916ರಲ್ಲಿ ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳ ಬಗ್ಗೆ ಪ್ರಕಟಿಸಿದ ಗ್ರಂಥದ ಫೋಟೋಗಳು, ನಕಾಶೆಗಳು ಇಲ್ಲದಿದ್ದರೆ ಏನು ಉಳಿದಿದೆ, ಏನು ಬಿದ್ದುಹೋಗಿದೆ ಎಂದು ತಾಳೆ ನೋಡುವುದೇ ಕಷ್ಟವಾಗುತ್ತಿತ್ತು.

ಹೋಗುವವರಿಗೆ ಒಂದು ಸಣ್ಣ ಮಾತು. ನಮ್ಮ ನಾಡಿನಲ್ಲಿ ಖಿಬ್ಲಾ ಪಶ್ಚಿಮಕ್ಕಿರುವುದರಿಂದ ಮಸೀದಿಯ ಮುಖ ಪೂರ್ವಕ್ಕಿರುತ್ತದೆ. ಬೆಳಗಿನ ಬಿಸಿಲು ನೇರವಾಗಿ ಕಮಾನುಗಳ ಮೇಲೆ ಬೀಳುತ್ತದೆ, ಅಸರ್ ಹೊತ್ತಿಗೆ ಸೂರ್ಯ ಕಟ್ಟಡದ ಬೆನ್ನಿಗೆ ಹೋಗಿ ಮುಂಭಾಗ ಕಪ್ಪಾಗುತ್ತದೆ. ಇಬ್ರಾಹೀಮ್ ರೋಝಾದಲ್ಲಿ ಒಂದೇ ಜಗಲಿಯ ಮೇಲೆ ಪಶ್ಚಿಮಕ್ಕೆ ಮಸೀದಿ, ಪೂರ್ವಕ್ಕೆ ಗೋರಿ ಎದುರುಬದುರಾಗಿವೆ. ಬೆಳಿಗ್ಗೆ ಮಸೀದಿಗೆ ಬೆಳಕು, ಸಂಜೆ ಗೋರಿಗೆ. ಅಲ್ಲಿಯ ಶಾಸನ ಅದನ್ನು ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರನ್ನೂ ಒಂದೂವರೆ ಲಕ್ಷ ಹೊನ್ನಿಗೂ ಮೇಲಾದ ಖರ್ಚನ್ನೂ ಹೇಳುತ್ತದೆ. ದೂರದಿಂದ ಇಡೀ ಕಟ್ಟಡವನ್ನು ಹಿಡಿದ ಫೋಟೋದಲ್ಲಿ ಇದೊಂದೂ ಓದಲು ಸಿಗುವುದಿಲ್ಲ.

ಬಾರಾ ಕಮಾನಿನದು ಇನ್ನೊಂದು ಕಥೆ. ಫೋಟೋ ನೋಡಿದವರೆಲ್ಲ ಅದು ಬಿದ್ದುಹೋದ ಕಟ್ಟಡವೆಂದೇ ತಿಳಿಯುತ್ತಾರೆ. ಅದು ಬಿದ್ದದ್ದಲ್ಲ, ಎರಡನೇ ಅಲಿ ಆದಿಲ್ ಶಾನ ಆ ಗೋರಿಯನ್ನು ಕಟ್ಟಿ ಮುಗಿಸಲೇ ಇಲ್ಲ.

ಜಾಮಿಯಾ ಮಸೀದಿಗೆ ನಾವು ಹೋದದ್ದು ಶುಕ್ರವಾರ. ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಮುಸಲ್ಲಾಗಳ ಗೆರೆಗಳಿವೆ. ಅವನ್ನು ಹಾಕಿಸಿದವನು ಔರಂಗಝೇಬ್ ಎನ್ನುತ್ತಾರೆ. ಜುಮಾಕ್ಕೆ ಜನ ಸೇರಿ ಸಫ್‌ಗಳು ನಿಂತಾಗ ಫೋಟೋ ತೆಗೆಯಬೇಕೆಂಬ ಆಸೆ ನಮಗೂ ಆಯಿತು. ಆದರೆ ಖುತ್ಬಾ ಶುರುವಾಗಿತ್ತು, ಫೋನು ಜೇಬಿನಲ್ಲೇ ಉಳಿಯಿತು.

ಸಂಜೆ ಗೋಳಗುಮ್ಮಟದ ದಕ್ಷಿಣ ಬಾಗಿಲಿನ ಮೇಲಿನ ಫಾರ್ಸಿ ಬರಹವನ್ನು ಮಗಳು ಝೂಮ್ ಮಾಡಿ ತೆಗೆದಳು. ಆಕೆಯ ಅಜ್ಜ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒಂದು ಸಾಲನ್ನು ನಿಧಾನವಾಗಿ ಓದಿದರು: ಆಖಿಬತೆ ಮುಹಮ್ಮದ್ ಮಹ್ಮೂದ್ ಶುದ್. ಮುಹಮ್ಮದನ ಅಂತ್ಯ ಸ್ತುತ್ಯರ್ಹವಾಯಿತು ಎಂದರ್ಥ. ಆಮೇಲೆ ಅಬ್ಜದ್ ಲೆಕ್ಕದಲ್ಲಿ ಒಂದೊಂದು ಅಕ್ಷರಕ್ಕೂ ಇರುವ ಸಂಖ್ಯೆಯನ್ನು ಆಕೆಗೆ ಹೇಳಿಕೊಡುತ್ತಾ ಕೂಡಿಸತೊಡಗಿದರು. ಆಖಿಬತ್‌ಗೆ 573, ಮುಹಮ್ಮದ್‌ಗೆ 92, ಮಹ್ಮೂದ್‌ಗೆ 98, ಶುದ್‌ಗೆ 304. ಮೊತ್ತ 1067. ಸುಲ್ತಾನ್ ಮುಹಮ್ಮದ್ ಆದಿಲ್ ಶಾ ತೀರಿಕೊಂಡ ಹಿಜರಿ ವರ್ಷ ಅದು, ಕ್ರಿ.ಶ. 1656. ಮಗಳು ಫೋನಿನ ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಕೂಡಿಸಿ ನೋಡಿದಳು. ಲೆಕ್ಕ ಸರಿಯಾಗಿತ್ತು.