ಬೆನ್ನೆಲುಬಿನ ಸುತ್ತ ಒಂದು ವ್ಯಾಜ್ಯ

ಅಮೆರಿಕದಲ್ಲಿ ನಾವು ಊರೂರಿನಲ್ಲೂ ಕಾಣುವ ಕೈರೋಪ್ರ್ಯಾಕ್ಟಿಕ್ ಚಿಕಿತ್ಸಾಲಯಗಳ ಮೂಲ ಅಯೋವಾ ರಾಜ್ಯದ ಡೇವನ್‌ಪೋರ್ಟ್. ಅಲ್ಲಿ ಕಾಂತಚಿಕಿತ್ಸೆ ನಡೆಸುತ್ತಿದ್ದ ಡಿ. ಡಿ. ಪಾಮರ್ (ಹೆಸರಷ್ಟೇ ಪಾಮರ್, ವ್ಯಕ್ತಿ ಚತುರ) 1895ರ ಸೆಪ್ಟೆಂಬರಿನಲ್ಲಿ, ಕಟ್ಟಡ ಶುಚಿಗೊಳಿಸುತ್ತಿದ್ದ ಹಾರ್ವೆ ಲಿಲರ್ಡರ ಬೆನ್ನುಮೂಳೆಯ ಮಣಿಯೊಂದನ್ನು ಒತ್ತಿ ಸ್ಥಾನಕ್ಕೆ ತಂದರಂತೆ. ಬೀದಿಯ ಬಂಡಿಯ ಸದ್ದೂ ಕೇಳಿಸದಿದ್ದ 17 ವರ್ಷಗಳ ಕಿವುಡು ನೀಗಿತೆಂದು ಅವರೇ ಬರೆದಿದ್ದಾರೆ. ಶ್ರವಣನರವು ಬೆನ್ನುಹುರಿಯ ಮೂಲಕ ಹಾಯುವುದೇ ಇಲ್ಲ! 1906ರಲ್ಲಿ, ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ್ದಕ್ಕಾಗಿ ಪಾಮರ್ ಸೆರೆಮನೆ ಕಂಡರು.

1913ರಲ್ಲಿ ಕಾನ್ಸಾಸ್ ಮೊದಲು ಶಾಸನದ ಮನ್ನಣೆಯಿತ್ತಿತು. ಲೂಯಿಸಿಯಾನಾ ಕಟ್ಟಕಡೆಗೆ, 1974ರಲ್ಲಿ. ಈ ನಡುವೆ, 1963ರಲ್ಲಿ, ಅಮೆರಿಕನ್ ವೈದ್ಯಕೀಯ ಸಂಘವು ಈ ಪದ್ಧತಿಯನ್ನು ಹತ್ತಿಕ್ಕಲು ಸಮಿತಿಯನ್ನೇ ರಚಿಸಿತು. ಚೆಸ್ಟರ್ ವಿಲ್ಕ್ ಮೊದಲಾದವರು 1976ರಲ್ಲಿ ದಾವೆ ಹೂಡಿದರು. ಸಂಘದ ಬಹಿಷ್ಕಾರ ಕಾನೂನುಬಾಹಿರವೆಂದು ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ 1987ರಲ್ಲಿ ತೀರ್ಪಿತ್ತರು. ಆದರೆ ಚಿಕಿತ್ಸೆ ಫಲಕಾರಿಯೇ ಎಂಬುದನ್ನು ಅವರು ನಿರ್ಣಯಿಸಲಿಲ್ಲ. ಅದು ವೈಜ್ಞಾನಿಕ ಅಧ್ಯಯನಕ್ಕೆ ಬಿಟ್ಟದ್ದೆಂದರು. ಗೆಲುವನ್ನು ಸ್ಮರಿಸುವವರು ಈ ಮಾತನ್ನು ಸ್ಮರಿಸುವುದು ಅಪರೂಪ.

2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯು ಸೊಂಟನೋವಿಗೆ ಇದನ್ನೂ ಒಂದು ಆಯ್ಕೆಯೆಂದು ಒಪ್ಪಿತು. ನೋವಿಲ್ಲದವರೂ, ಪುಟ್ಟ ಮಕ್ಕಳೂ ವರ್ಷವಿಡೀ ಬೆನ್ನು ಸರಿಪಡಿಸಿಕೊಳ್ಳುತ್ತಿರಬೇಕೆಂಬ ವಾದಕ್ಕೆ ಅಂಥ ಸಮ್ಮತಿ ದೊರೆತಿಲ್ಲ.